'ಇದು ಪಕ್ಷಪಾತ' ಅಂತ ಬರೆದೆ, ಮೇಷ್ಟ್ರು 'ಹಾಗಾದರೆ?' ಅಂದರು

ಪ್ರಶ್ನೆ: ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ. ಮಾಧ್ಯಮ ವಿಮರ್ಶೆ ನಮಗೆ ಒಂದು ಪೇಪರ್. ಸಾರಿಗೆ ನೌಕರರ ಮುಷ್ಕರದ ಬಗ್ಗೆ ಮೂರು ಪತ್ರಿಕೆಗಳಲ್ಲಿ ಬಂದ ವರದಿಗಳನ್ನು ಹೋಲಿಸಿ ಬರೆಯಲು ಹೇಳಿದ್ದರು. ಯಾವ ಪತ್ರಿಕೆಯ ಮಾಲೀಕರು ಯಾರಿಗೆ ಹತ್ತಿರ, ಯಾರ ಜಾಹೀರಾತು ಜಾಸ್ತಿ ಬರುತ್ತದೆ ಅಂತೆಲ್ಲ ಹುಡುಕಿ, ಮೂರೂ ಪಕ್ಷಪಾತಿ ಅಂತ ಬರೆದೆ. 20ಕ್ಕೆ 9 ಅಂಕ ಬಂತು. ಅಂಚಿನಲ್ಲಿ ಮೇಷ್ಟ್ರು 'ಹಾಗಾದರೆ?' ಅಂತ ಒಂದೇ ಪದ ಬರೆದಿದ್ದಾರೆ. ಈಗ ಯಾವ ಸುದ್ದಿ ಓದಿದರೂ ನಂಬಿಕೆ ಬರುತ್ತಿಲ್ಲ. ಯಾವುದನ್ನು ಓದಬೇಕು, ಹೇಗೆ ಓದಬೇಕು? ಇನ್ನೊಂದು ವಿಷಯ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇದೇ ವಿಚಾರಕ್ಕೆ ಚಿಕ್ಕಪ್ಪನ ಜೊತೆ ದಿನಾ ಜಗಳ ಆಗುತ್ತಿದೆ. ಮೂರು ವರದಿಗಳನ್ನೂ ನನ್ನ ಉತ್ತರವನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅಂಚಿನಲ್ಲಿ ಅವರು ಬರೆದ ಆ ಒಂದು ಪದದಲ್ಲಿ ನಿಮ್ಮ ಇಡೀ ಪೇಪರ್ ಇದೆ. ಒಂಬತ್ತು ಅಂಕ ಸ್ವಲ್ಪ ಕಡಿಮೆಯಾಯಿತು ಅಂತ ನನಗೂ ಅನಿಸಿತು, ಅದು ಬೇರೆ ಮಾತು.

'ಇದು ಪಕ್ಷಪಾತ' ಅನ್ನುವುದು ಬರೆದವರ ಬಗ್ಗೆ ಆಡಿದ ಮಾತು. 'ಇದು ಸುಳ್ಳು', 'ಈ ವಾದ ನಿಲ್ಲುವುದಿಲ್ಲ' ಅನ್ನುವುದು ಬರೆದದ್ದರ ಬಗ್ಗೆ ಆಡುವ ಮಾತು. ನೀವು ಮೊದಲನೆಯದನ್ನು ಹೇಳಿ, ಎರಡನೆಯದನ್ನೂ ಹೇಳಿದ ಹಾಗಾಯಿತು ಅಂದುಕೊಂಡಿದ್ದೀರಿ. ಇವೆರಡರ ನಡುವೆ ಒಂದು ಹೊಳೆಯಷ್ಟು ದೂರ ಇದೆ. ನಿಮಗಾಗದ ಪಕ್ಕದ ಮನೆಯವರು 'ನಿಮ್ಮ ಹಿತ್ತಲಲ್ಲಿ ಹೊಗೆ ಬರ್ತಿದೆ' ಅಂತ ಕೂಗಿದರು ಅಂತಿಟ್ಟುಕೊಳ್ಳಿ. 'ಅವರಿಗೆ ನಮ್ಮನ್ನು ಕಂಡರೆ ಆಗಲ್ಲ' ಅಂತ ಸುಮ್ನೆ ಕೂತಿರ್ತೀರಾ? ಎದ್ದು ಹೋಗಿ ನೋಡ್ತೀರಿ. ಅವರಿಗೆ ನಿಮ್ಮ ಮೇಲೆ ದ್ವೇಷ ಇರಬಹುದು, ಹೊಗೆಯೂ ಇರಬಹುದು.

ಇದಕ್ಕೆ ನಾನು ತರಗತಿಯಲ್ಲಿ ಯಾವಾಗಲೂ ಹೇಳುವ ಕತೆ ರೊನಾಲ್ಡ್ ಫಿಷರ್ ಅವರದು. ಇಪ್ಪತ್ತನೇ ಶತಮಾನದ ಬಹುದೊಡ್ಡ ಸಂಖ್ಯಾಶಾಸ್ತ್ರಜ್ಞ. ಇವತ್ತು ಪ್ರಯೋಗ ಮಾಡುವವರು ಬಳಸುವ ಎಷ್ಟೋ ವಿಧಾನಗಳು ಅವರ ಕೈಯಿಂದ ಬಂದವು. 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಅಂತ ಪ್ರಕಟಿಸಿದರು. ಫಿಷರ್ ಇದನ್ನು ಒಪ್ಪಲಿಲ್ಲ. 1957-58ರಲ್ಲಿ ಪತ್ರಿಕೆಗಳಿಗೆ ಪತ್ರ ಬರೆದು ವಾದ ಮಾಡಿದರು. ಎರಡು ಸಂಗತಿ ಒಟ್ಟಿಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಆಗುವುದಿಲ್ಲ. ಸಿಗರೇಟಿನ ಆಸೆ ಹುಟ್ಟಿಸುವ ಯಾವುದೋ ವಂಶವಾಹಿಯೇ ಕ್ಯಾನ್ಸರನ್ನೂ ತರುತ್ತಿರಬಹುದಲ್ಲ ಅಂತ ಕೇಳಿದರು.

ಈಗ ಕೇಳಿ. ಫಿಷರ್ ಪೈಪ್ ಸೇದುತ್ತಿದ್ದರು. ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು. ನಿಮ್ಮ ಉತ್ತರಪತ್ರಿಕೆಯ ದಾರಿಯಲ್ಲಿ ಹೋದರೆ ಕೆಲಸ ಇಲ್ಲಿಗೇ ಮುಗಿಯಿತು: 'ಕಂಪನಿಯವರ ದುಡ್ಡು ತಗೊಂಡಿದ್ದಾರೆ, ಆದ್ದರಿಂದ ತಪ್ಪು.' ಆದರೆ ಅವರು ಎತ್ತಿದ ಪ್ರಶ್ನೆ ತಪ್ಪಾಗಿರಲಿಲ್ಲ. ಒಟ್ಟಿಗೆ ಕಂಡದ್ದೆಲ್ಲ ಕಾರಣ ಅಲ್ಲ ಅನ್ನುವುದು ಅವತ್ತೂ ಸರಿ, ಇವತ್ತೂ ಸರಿ. ಯಾರ ಬಾಯಿಂದ ಬಂದರೂ ಸರಿ.

ಹಾಗಾದರೆ ಅವರು ಸೋತದ್ದು ಹೇಗೆ? ಸಾಕ್ಷಿಯಿಂದ. ಡಾಲ್ ಮತ್ತು ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಪ್ರಶ್ನೆಗಳನ್ನು ಕಳಿಸಿದರು. ಸುಮಾರು 40 ಸಾವಿರ ವೈದ್ಯರು ಉತ್ತರ ಕೊಟ್ಟರು. ಯಾರು ಎಷ್ಟು ಸೇದುತ್ತಾರೆ ಅಂತ ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಯಾರು ಯಾವುದರಿಂದ ಸತ್ತರು ಅಂತ ವರ್ಷಗಟ್ಟಲೆ ಲೆಕ್ಕ ಇಟ್ಟರು. ಜಾಸ್ತಿ ಸೇದಿದಷ್ಟೂ ಸಾವು ಜಾಸ್ತಿ, ಬಿಟ್ಟವರಲ್ಲಿ ಕಡಿಮೆ. 1959ರಲ್ಲಿ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಜೊತೆಗಾರರು ಫಿಷರ್ ಅವರ 'ವಂಶವಾಹಿ'ಯನ್ನೇ ನೇರವಾಗಿ ಹಿಡಿದರು. ಸೇದುವವರಿಗೆ ಕ್ಯಾನ್ಸರ್ ಒಂಬತ್ತು ಪಟ್ಟು ಜಾಸ್ತಿ ಇದ್ದು, ಅದಕ್ಕೆ ಕಾರಣ ಸಿಗರೇಟಲ್ಲ, ಅಡಗಿರುವ ಇನ್ನೇನೋ ಅಂತಾದರೆ, ಆ 'ಇನ್ನೇನೋ' ಕೂಡ ಸೇದುವವರಲ್ಲಿ ಕನಿಷ್ಠ ಒಂಬತ್ತು ಪಟ್ಟು ಜಾಸ್ತಿ ಇರಬೇಕು. ಅಂಥದ್ದೊಂದು ಇದ್ದರೆ ಅಷ್ಟು ಹೊತ್ತಿಗೆ ಯಾರ ಕಣ್ಣಿಗಾದರೂ ಬಿದ್ದಿರುತ್ತಿತ್ತು ಅಲ್ವಾ?

ಹಾಗಂತ ಫಿಷರ್ ಯಾರ ಸಂಬಳ ತಗೊಂಡರು ಅನ್ನುವುದು ಕೆಲಸಕ್ಕೆ ಬಾರದ ಮಾಹಿತಿಯಲ್ಲ. ಎಲ್ಲಿ ಜೋರಾಗಿ ಅಗೆಯಬೇಕು ಅಂತ ಅದು ತೋರಿಸುತ್ತದೆ. ಅಷ್ಟು ದೊಡ್ಡ ತಲೆ ಒಂದು ಕಡೆಯ ಸಾಕ್ಷಿಯನ್ನು ಭೂತಗನ್ನಡಿ ಹಿಡಿದು ನೋಡಿ, ಇನ್ನೊಂದು ಕಡೆಯದನ್ನು ಹಾಗೇ ಬಿಟ್ಟದ್ದು ಯಾಕೆ ಅನ್ನುವುದಕ್ಕೂ ಒಂದು ವಿವರಣೆ ಸಿಗುತ್ತದೆ. ಅಗೆಯುವ ಕೆಲಸ ಮಾತ್ರ ನಮ್ಮದೇ. ನೀವು ಜಾಗ ಗುರುತು ಮಾಡಿ, ಹಾರೆ ಅಲ್ಲೇ ಬಿಟ್ಟು ಬಂದಿದ್ದೀರಿ.

ಇನ್ನೊಂದು ಮಾತು ಸ್ವಲ್ಪ ಕಹಿ. ನಿಮ್ಮ ಉತ್ತರದಲ್ಲಿ ಮೂರು ಪತ್ರಿಕೆಗೂ ಪಕ್ಷಪಾತ ಇದೆ. ನಿಮಗೆ ಮಾತ್ರ ಇಲ್ಲ. ಮುಷ್ಕರದ ಬಗ್ಗೆ ನಿಮ್ಮ ನಿಲುವೇನು ಅಂತ ನೀವೆಲ್ಲೂ ಬರೆದಿಲ್ಲ, ಆದರೆ ಓದುವವರಿಗೆ ಎರಡನೇ ಪುಟದಲ್ಲೇ ಗೊತ್ತಾಗುತ್ತದೆ. ನೌಕರರ ಪರವಾಗಿದ್ದ ವರದಿಗೆ ಐದು ಸಾಲಿನ ಟೀಕೆ, ಸರ್ಕಾರದ ಪರವಾಗಿದ್ದ ವರದಿಗೆ ಎರಡು ಪುಟ.

1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ವಲ್ಲೋನ್, ಲೀ ರಾಸ್ ಮತ್ತು ಮಾರ್ಕ್ ಲೆಪರ್ ಮಾಡಿದ್ದು. 1982ರಲ್ಲಿ ಲೆಬನಾನಿನ ಬೈರೂತ್‌ನ ಪ್ಯಾಲೆಸ್ತೀನಿ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಬಗ್ಗೆ ಟಿವಿಯಲ್ಲಿ ಬಂದ ಸುದ್ದಿತುಣುಕುಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಇಸ್ರೇಲ್ ಪರ ಇದ್ದವರೂ ನೋಡಿದರು, ಅರಬ್ ಪರ ಇದ್ದವರೂ ನೋಡಿದರು. ತುಣುಕುಗಳು ಅವೇ. ಈ ಗುಂಪು 'ಇದು ನಮಗೆ ವಿರುದ್ಧವಾಗಿದೆ' ಅಂದಿತು. ಆ ಗುಂಪೂ 'ಇದು ನಮಗೆ ವಿರುದ್ಧವಾಗಿದೆ' ಅಂದಿತು. ಯಾವ ಕಡೆಗೂ ಸೇರದವರು ಇದನ್ನು ನೋಡಿದರೆ ನಮ್ಮ ವಿರುದ್ಧ ತಿರುಗಿಬೀಳುತ್ತಾರೆ ಅಂತ ಎರಡೂ ಗುಂಪಿಗೆ ಭಯ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವ ಗಾದೆಯನ್ನು ಪ್ರಯೋಗಾಲಯದಲ್ಲಿಟ್ಟು ನೋಡಿದ ಹಾಗೆ.

ಇದಕ್ಕೆ ಪೂರ್ತಿ ಮದ್ದಿಲ್ಲ. ನಾನು ಮಾಡುವುದು ಇಷ್ಟು. ಒಂದು ವರದಿ ಓದಿ ಮೈ ಉರಿದರೆ, ಅದರಲ್ಲಿರುವ ಎರಡು ಪಕ್ಷಗಳ ಹೆಸರನ್ನು ಮನಸ್ಸಿನಲ್ಲೇ ಅದಲು ಬದಲು ಮಾಡಿ ಇನ್ನೊಮ್ಮೆ ಓದುತ್ತೇನೆ. ಆಗಲೂ ಅದೇ ವಾಕ್ಯ ಅನ್ಯಾಯ ಅನಿಸಿದರೆ ಗುರುತು ಹಾಕಿಕೊಳ್ಳುತ್ತೇನೆ. ಅನಿಸದಿದ್ದರೆ ಉರಿ ನನ್ನದು. ಓದಿ ಖುಷಿಯಾದರೂ ಇದನ್ನೇ ಮಾಡಬೇಕು. ಅದು ಇನ್ನೂ ಕಷ್ಟ, ಯಾಕೆಂದರೆ ಖುಷಿಯಾದಾಗ ಪರೀಕ್ಷೆ ಮಾಡಬೇಕು ಅಂತಲೇ ಅನಿಸುವುದಿಲ್ಲ.

ಈಗ ನಿಮ್ಮ ಮೂರು ವರದಿಗೆ ಬರೋಣ. ತಲೆಬರಹಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ:

'ಬಸ್ ಇಲ್ಲದೆ ಪ್ರಯಾಣಿಕರ ಪರದಾಟ'
'ಸಂಬಳಕ್ಕಾಗಿ ಬೀದಿಗಿಳಿದ ನೌಕರರು'
'ನೌಕರರ ಪಟ್ಟು, ಸರ್ಕಾರ ತನ್ನ ನಿಲುವಿಗೆ ಬದ್ಧ'

ಮೂರರಲ್ಲೂ ಸುಳ್ಳಿಲ್ಲ. ಬಸ್ ಇರಲಿಲ್ಲ, ಜನ ಪರದಾಡಿದರು, ನೌಕರರು ಬೀದಿಗಿಳಿದರು, ಸರ್ಕಾರ ಒಪ್ಪಲಿಲ್ಲ. ಆದರೆ ಮೊದಲನೆಯದರಲ್ಲಿ ನೌಕರರೇ ಇಲ್ಲ. ಬಸ್ಸು ತಾನಾಗೇ ಮಾಯವಾದ ಹಾಗಿದೆ, ಮಳೆ ಬಂದು ರಸ್ತೆ ಮುಚ್ಚಿದ ಹಾಗೆ. ಎರಡನೆಯದರಲ್ಲಿ ಸರ್ಕಾರ ಇಲ್ಲ. ಮೂರನೆಯದರಲ್ಲಿ ಇಬ್ಬರೂ ಇದ್ದಾರೆ, ನೋಡಿದ ಕೂಡಲೇ ಸಮತೂಕ ಅನಿಸುತ್ತದೆ. ಅದೇ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು. ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ, ಹಿಂದೆ ಸರಿಯದೆ ನಿಂತಿದ್ದಾರೆ. ಒಬ್ಬರದು 'ಪಟ್ಟು', ಇನ್ನೊಬ್ಬರದು 'ಬದ್ಧತೆ'. ಅದಲು ಬದಲು ಮಾಡಿ: 'ಸರ್ಕಾರದ ಪಟ್ಟು, ನೌಕರರು ತಮ್ಮ ನಿಲುವಿಗೆ ಬದ್ಧ.' ಗಾಳಿ ಬೀಸುವ ದಿಕ್ಕೇ ಬದಲಾಯಿತು ನೋಡಿ. ನಿಮ್ಮ ಉತ್ತರದಲ್ಲಿ ಈ ಮೂರನೇ ಪತ್ರಿಕೆಗೆ 'ಸ್ವಲ್ಪ ಪರವಾಗಿಲ್ಲ' ಅಂತ ಬಿಟ್ಟಿದ್ದೀರಿ, ಯಾಕೆಂದರೆ ಅದರ ಮಾಲೀಕರ ಬಗ್ಗೆ ನಿಮಗೇನೂ ಸಿಕ್ಕಿರಲಿಲ್ಲ.

ಬ್ರಿಟನ್ನಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಒಂದು ಗುಂಪು 1970ರ ದಶಕದಲ್ಲಿ ಟಿವಿಯಲ್ಲಿ ಬಂದ ಕಾರ್ಮಿಕ ಸುದ್ದಿಗಳನ್ನು ತಿಂಗಳುಗಟ್ಟಲೆ ರೆಕಾರ್ಡ್ ಮಾಡಿ, ಕೂತು ಲೆಕ್ಕ ಹಾಕಿತ್ತು. ಆ ಸುದ್ದಿಗಳಲ್ಲಿ ಕಾರ್ಮಿಕರು 'ಬೇಡಿಕೆ' ಇಡುತ್ತಾರೆ, 'ಬೆದರಿಕೆ' ಹಾಕುತ್ತಾರೆ. ಆಡಳಿತದವರು 'ಕೊಡಲು ಮುಂದೆ ಬರುತ್ತಾರೆ'. ಕೇಳುವವನು ಹಟಮಾರಿ, ಕೊಡುವವನು ಉದಾರಿ. 1976ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ದೊಡ್ಡ ಗಲಾಟೆಯೇ ಆಯಿತು.

ಕನ್ನಡದ ವರದಿ ಓದುವಾಗ ನಾನು ಹೇಳಿಕೆಗೆ ಹಚ್ಚುವ ಕ್ರಿಯಾಪದಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಒಬ್ಬರು ಮಾತಾಡಿದರು ಅನ್ನುವುದಕ್ಕೆ ನಮ್ಮಲ್ಲಿ ಎಷ್ಟು ಬಣ್ಣ ಇದೆ! ಹೇಳಿದರು, ತಿಳಿಸಿದರು, ಸ್ಪಷ್ಟಪಡಿಸಿದರು, ಒಪ್ಪಿಕೊಂಡರು, ಸಮರ್ಥಿಸಿಕೊಂಡರು, ಹರಿಹಾಯ್ದರು, ಕಿಡಿಕಾರಿದರು, ಅಲವತ್ತುಕೊಂಡರು, ನುಣುಚಿಕೊಂಡರು. 'ಸ್ಪಷ್ಟಪಡಿಸಿದರು' ಅಂದ ಕೂಡಲೇ ಅವರು ಹೇಳಿದ್ದು ನಿಜ ಅಂತ ವರದಿಗಾರ ಮುದ್ರೆ ಒತ್ತಿದಂತೆ. 'ಒಪ್ಪಿಕೊಂಡರು' ಅಂದರೆ ಮೊದಲು ಮುಚ್ಚಿಟ್ಟಿದ್ದರು ಅಂತ. 'ಸಮರ್ಥಿಸಿಕೊಂಡರು' ಅಂದರೆ ಮಾಡಿದ್ದು ತಪ್ಪು ಅನ್ನುವ ವಾಸನೆ. ನಿಮ್ಮ ಮೊದಲನೇ ವರದಿಯಲ್ಲಿ ಸಚಿವರು ನಾಲ್ಕು ಸಲ ಮಾತಾಡುತ್ತಾರೆ: ತಿಳಿಸಿದರು, ಸ್ಪಷ್ಟಪಡಿಸಿದರು, ಮನವಿ ಮಾಡಿದರು, ಭರವಸೆ ನೀಡಿದರು. ನೌಕರರ ಮುಖಂಡರು ಎರಡು ಸಲ: ಕಿಡಿಕಾರಿದರು, ಎಚ್ಚರಿಸಿದರು. ಇದನ್ನು ಬರೆದಿದ್ದರೆ ಮಾಲೀಕರ ಬಗ್ಗೆ ಒಂದು ಅಕ್ಷರ ಬೇಕಿರಲಿಲ್ಲ.

ಇನ್ನು 'ಎನ್ನಲಾಗಿದೆ'. ಯಾರು ಅಂದದ್ದು? 'ಆಕ್ರೋಶ ವ್ಯಕ್ತವಾಗಿದೆ', ಯಾರಿಂದ, ಎಷ್ಟು ಜನರಿಂದ? ಹೆಸರು ಹೇಳಲಾಗದ ಮೂಲಗಳು ಪತ್ರಿಕೋದ್ಯಮಕ್ಕೆ ಬೇಕೇ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟೋ ಸಲ 'ಎನ್ನಲಾಗಿದೆ' ಅಂದರೆ 'ನನಗೆ ಹೀಗನಿಸಿತು' ಅಂತಲೇ. ಸಂಖ್ಯೆಯ ಹಿಂದೆ ಅಂಟಿಸುವ ಪದವನ್ನೂ ನೋಡಿ. ಸಭೆಗೆ 400 ಜನ ಬಂದಿದ್ದರು. 'ಕೇವಲ 400 ಜನ' ಅಂದರೆ ಸಭೆ ಬಿದ್ದುಹೋಯಿತು, 'ಬರೋಬ್ಬರಿ 400 ಜನ' ಅಂದರೆ ಗೆದ್ದಿತು. ಕುರ್ಚಿ ಎಣಿಸಿದವನಿಗೆ ಎರಡೂ ಒಂದೇ.

ಒಂದು ಪದ ಅಷ್ಟೆಲ್ಲ ಮಾಡುತ್ತದಾ ಅಂತ ಕೇಳಬಹುದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರತುಣುಕು ತೋರಿಸಿ, ಕಾರು ಎಷ್ಟು ವೇಗದಲ್ಲಿತ್ತು ಅಂತ ಕೇಳಿದರು. 'ಒಂದಕ್ಕೊಂದು ತಾಗಿದಾಗ' ಅಂತ ಕೇಳಿದವರಿಗೆ ಬಂದ ಸರಾಸರಿ ಉತ್ತರ ಗಂಟೆಗೆ 32 ಮೈಲಿಯ ಹತ್ತಿರ. 'ಒಂದಕ್ಕೊಂದು ಅಪ್ಪಳಿಸಿದಾಗ' ಅಂತ ಕೇಳಿದ್ದಕ್ಕೆ 40 ದಾಟಿತು. ಇನ್ನೊಂದು ಸುತ್ತಿನಲ್ಲಿ ಒಂದು ವಾರ ಬಿಟ್ಟು, ಗಾಜು ಒಡೆದದ್ದು ನೋಡಿದಿರಾ ಅಂತ ಕೇಳಿದರು. 'ಅಪ್ಪಳಿಸಿದ' ಗುಂಪಿನ 50 ಜನರಲ್ಲಿ 16 ಜನ ಹೌದು ಅಂದರು. 'ಗುದ್ದಿದ' ಅಂತ ಕೇಳಿಸಿಕೊಂಡ 50 ಜನರಲ್ಲಿ 7 ಜನ ಹೌದು ಅಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.

ಆದರೆ ಎಲ್ಲ ವಾಲಿಕೆಯ ಹಿಂದೆಯೂ ಯಾರದೋ ಸಂಚು ಇದೆ ಅಂದುಕೊಳ್ಳಬೇಡಿ. ನಾನು ಪಾಠ ಮಾಡಲು ಬರುವ ಮೊದಲು ಒಂದು ಪತ್ರಿಕೆಯಲ್ಲಿ ಸುದ್ದಿ ತಿದ್ದಿ ತಲೆಬರಹ ಕೊಡುವ ಡೆಸ್ಕಿನಲ್ಲಿದ್ದೆ. ಒಂದು ರಾತ್ರಿ ಬಸ್ ಅಪಘಾತದ ಸುದ್ದಿ ಬಂತು. ಚಾಲಕನ ನಿರ್ಲಕ್ಷ್ಯವೇ ಕಾರಣ ಅಂತ ಪ್ರಯಾಣಿಕರು ಆರೋಪಿಸಿದ್ದಾರೆ ಅಂತ ವರದಿಗಾರ ಸರಿಯಾಗೇ ಬರೆದಿದ್ದ. ತಲೆಬರಹಕ್ಕೆ ಎರಡೇ ಕಾಲಂ ಜಾಗ. ಪುಟ ಪ್ರಿಂಟಿಗೆ ಹೋಗಲು ಹತ್ತು ನಿಮಿಷ. 'ಆರೋಪ' ಅನ್ನುವ ಪದಕ್ಕೆ ಜಾಗ ಸಾಲಲಿಲ್ಲ. ನಾನೇ ಕಿತ್ತುಹಾಕಿದೆ. 'ಚಾಲಕನ ನಿರ್ಲಕ್ಷ್ಯ: ಇಬ್ಬರ ಸಾವು' ಅಂತ ಅಚ್ಚಾಯಿತು. ಆಮೇಲೆ ಬ್ರೇಕ್ ಕೆಟ್ಟಿತ್ತು ಅಂತ ಗೊತ್ತಾಯಿತು. ತಿದ್ದುಪಡಿ ಒಳಪುಟದಲ್ಲಿ ನಾಲ್ಕು ಸಾಲು ಬಂತು. ನನಗೆ ಆ ಚಾಲಕನ ಮೇಲೆ ಯಾವ ದ್ವೇಷವೂ ಇರಲಿಲ್ಲ, ಅವನು ಯಾರೆಂದೇ ಗೊತ್ತಿರಲಿಲ್ಲ. ಜಾಗ ಇರಲಿಲ್ಲ, ಅಷ್ಟೇ. ಮಾಲೀಕರ ಪಟ್ಟಿ ಹಿಡಿದು ಹೊರಟರೆ ಈ ಥರದ ತಪ್ಪು ನಿಮ್ಮ ಬಲೆಗೆ ಯಾವತ್ತೂ ಬೀಳುವುದಿಲ್ಲ.

ಅಂಕಿಗಳ ವಿಚಾರಕ್ಕೆ ಬಂದರೆ, ಮೊದಲನೇ ವರದಿಯಲ್ಲಿ ಒಂದು ವಾಕ್ಯ ಇದೆ: 'ಶೇ 30ರಷ್ಟು ಭಾರಿ ಹೆಚ್ಚಳಕ್ಕೆ ನೌಕರರು ಪಟ್ಟು ಹಿಡಿದಿದ್ದಾರೆ.' ಎರಡನೇ ವರದಿಯ ಕೊನೆಯ ಪ್ಯಾರಾದಲ್ಲಿ, ಐದು ವರ್ಷದಿಂದ ಸಂಬಳ ಏರಿಲ್ಲ ಅಂತ ಇದೆ. ಎರಡನ್ನೂ ಪಕ್ಕಪಕ್ಕ ಇಡಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದವು ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ, ಐದು ವರ್ಷಕ್ಕೆ ಸುಮಾರು ಶೇ 34 ಆಗುತ್ತದೆ. ಅಂದರೆ ಶೇ 30 ಪೂರ್ತಿ ಸಿಕ್ಕರೂ ಅವರು ಐದು ವರ್ಷದ ಹಿಂದೆ ಇದ್ದಲ್ಲಿಗೆ ಬರುವುದಿಲ್ಲ. ಬೆಲೆ ಏರಿಕೆ ಶೇ 3 ಆಗಿದ್ದರೆ ಕತೆ ಬೇರೆ. ಆಗ ಐದು ವರ್ಷಕ್ಕೆ ಆಗುವುದು ಶೇ 16 ಮಾತ್ರ, ಕೇಳುತ್ತಿರುವುದು ಹೆಚ್ಚುಕಮ್ಮಿ ಅದರ ಎರಡರಷ್ಟು. ನಿಜವಾದ ಬೆಲೆ ಏರಿಕೆ ಎಷ್ಟು ಅಂತ ಸರ್ಕಾರಿ ಅಂಕಿಅಂಶದಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ. ಮೂರು ಪತ್ರಿಕೆಯವರೂ ಆ ಐದು ನಿಮಿಷ ಕೊಟ್ಟಿಲ್ಲ. ನೀವೂ ಕೊಟ್ಟಿಲ್ಲ.

ಒಂದು ಅಂಕಿ ಯಾವುದಕ್ಕೆ ಹೋಲಿಸಿದ್ದು ಅಂತ ಹೇಳದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 1995ರ ಬ್ರಿಟನ್ನಿನ ಘಟನೆಯಷ್ಟು ನೋವಿನ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ ಅಂತ ಔಷಧ ಸುರಕ್ಷತಾ ಸಮಿತಿ ಎಚ್ಚರಿಕೆ ಕೊಟ್ಟಿತು. ಮಾಧ್ಯಮಗಳು ಅದನ್ನೇ ಹೊತ್ತು ಮೆರೆದವು. ದುಪ್ಪಟ್ಟು ಅನ್ನುವುದು ಸುಳ್ಳಲ್ಲ. ಹಳೆಯ ಮಾತ್ರೆಯಲ್ಲಿ 7,000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಹೊಸದರಲ್ಲಿ 7,000ಕ್ಕೆ ಇಬ್ಬರಿಗೆ. ಏರಿದ್ದು 7,000ಕ್ಕೆ ಒಬ್ಬರು. 'ದುಪ್ಪಟ್ಟು' ಕೇಳಿ ಹೆದರಿದ ಎಷ್ಟೋ ಮಹಿಳೆಯರು ಮಾತ್ರೆಯನ್ನೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಅಂತ ಅಂದಾಜಿದೆ. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯದಕ್ಕಿಂತ ಜಾಸ್ತಿ ಅನ್ನುವುದು ಈ ಕತೆಯ ವಿಪರ್ಯಾಸ. ಇಲ್ಲಿ ಯಾವ ಪಕ್ಷ, ಯಾವ ಮಾಲೀಕ? ಯಾರೂ ಇಲ್ಲ. ಒಂದು ಪದದ ಹಿಂದೆ ಇರಬೇಕಾದ ಎರಡು ಸಂಖ್ಯೆ ಇರಲಿಲ್ಲ.

ಸಮತೂಕದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 'ಎರಡೂ ಕಡೆಯವರ ಮಾತು ಹಾಕಿದ ವರದಿ ಒಳ್ಳೆಯ ವರದಿ' ಅಂತ ನೀವು ಅಳತೆಗೋಲು ಇಟ್ಟುಕೊಂಡಿದ್ದೀರಿ. ಮುಷ್ಕರದಂಥ ವಿಷಯಕ್ಕೆ ಅದು ಸರಿಹೋಗುತ್ತದೆ. ಎಲ್ಲ ಕಡೆ ಅಲ್ಲ. ಅಮೆರಿಕದ ನಾಲ್ಕು ದೊಡ್ಡ ಪತ್ರಿಕೆಗಳಲ್ಲಿ 1988ರಿಂದ 2002ರವರೆಗೆ ಭೂಮಿ ಬಿಸಿಯಾಗುವುದರ ಬಗ್ಗೆ ಬಂದ ವರದಿಗಳನ್ನು ಮ್ಯಾಕ್ಸ್‌ವೆಲ್ ಮತ್ತು ಜೂಲ್ಸ್ ಬಾಯ್ಕಾಫ್ ಎಂಬ ಸಹೋದರರು ಪರಿಶೀಲಿಸಿದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ವರದಿಗಳು 'ಮನುಷ್ಯರಿಂದ' ಅನ್ನುವವರಿಗೂ 'ಪ್ರಕೃತಿಯಿಂದ' ಅನ್ನುವವರಿಗೂ ಹೆಚ್ಚುಕಮ್ಮಿ ಸಮನಾದ ಜಾಗ ಕೊಟ್ಟಿದ್ದವು. ವಿಜ್ಞಾನಿಗಳ ನಡುವೆ ಅಂಥ ಸಮನಾದ ಜಗಳವೇ ಇರಲಿಲ್ಲ. ತಕ್ಕಡಿಯ ಎರಡೂ ತಟ್ಟೆಯನ್ನು ಕೈಯಲ್ಲಿ ಹಿಡಿದು ಸಮ ಮಾಡಿದರೆ ಅದು ತೂಕ ಅಲ್ಲ.

'ಯಾವುದನ್ನು ಓದಬೇಕು' ಅಂತ ಕೇಳಿದ್ದೀರಿ. ಎರಡು ಬೇರೆ ಬೇರೆ ಒಲವಿನ ಪತ್ರಿಕೆ ಓದಿ, ಸಾಕು. ಐದು ಬೇಡ. ಉಳಿದ ಸಮಯದಲ್ಲಿ ವರದಿ ಯಾವುದರ ಮೇಲೆ ನಿಂತಿದೆಯೋ ಅದನ್ನೇ ನೋಡಿ: ಆದೇಶ, ತೀರ್ಪು, ಅಧ್ಯಯನ, ಪೂರ್ತಿ ಭಾಷಣ. ಗೊತ್ತಿಲ್ಲದ ಜಾಲತಾಣಕ್ಕೆ ಬಂದರೆ ಮಾತ್ರ ಒಂದು ಉಪಾಯ ಕಲಿಯಲೇಬೇಕು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಜನ ಇತಿಹಾಸಕಾರರು, ಸುದ್ದಿ ನಿಜವೋ ಸುಳ್ಳೋ ಅಂತ ಪರಿಶೀಲಿಸುವ 10 ಜನ ವೃತ್ತಿಪರ ಫ್ಯಾಕ್ಟ್‌ಚೆಕ್ಕರ್‌ಗಳು, 25 ಜನ ವಿದ್ಯಾರ್ಥಿಗಳನ್ನು ಕೂರಿಸಿ ಜಾಲತಾಣಗಳನ್ನು ಅಳೆಯಲು ಹೇಳಿದರು. 2017ರಲ್ಲಿ ಫಲಿತಾಂಶ ಬಂತು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಅದೇ ಪುಟದಲ್ಲಿ ಮೇಲಿಂದ ಕೆಳಗೆ ಓದಿದರು. ಲೋಗೊ ನೋಡಿದರು, ವಿನ್ಯಾಸ ನೋಡಿದರು, ಉಲ್ಲೇಖಗಳ ಪಟ್ಟಿ ನೋಡಿದರು, ಎಷ್ಟೋ ಜನ ಮೋಸ ಹೋದರು. ತೋರಿಸಿದ ತಾಣಗಳಲ್ಲಿ ಎರಡು ಮಕ್ಕಳ ವೈದ್ಯರ ಸಂಸ್ಥೆಗಳವು. ಅವುಗಳಲ್ಲಿ ದೊಡ್ಡ ಸಂಘ ಯಾವುದು, ಅದರಿಂದ ಸಿಡಿದುಹೋದ ಸಣ್ಣ ಗುಂಪು ಯಾವುದು ಅಂತ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ತಿಳಿಯಲಿಲ್ಲ. ಫ್ಯಾಕ್ಟ್‌ಚೆಕ್ಕರ್‌ಗಳು ಆ ಪುಟದಲ್ಲಿ ನಿಲ್ಲಲೇ ಇಲ್ಲ. ಪಕ್ಕದಲ್ಲಿ ಹೊಸ ಟ್ಯಾಬ್‌ಗಳನ್ನು ತೆರೆದು, ಈ ಸಂಸ್ಥೆ ಬಗ್ಗೆ ಬೇರೆಯವರು ಏನಂತಾರೆ ಅಂತ ನೋಡಿದರು. ಎಲ್ಲರೂ ಸರಿಯಾಗಿ ಹೇಳಿದರು. ಅಂಗಡಿಯವನು ಪ್ರಾಮಾಣಿಕನಾ ಅಂತ ಅವನ ಬೋರ್ಡ್ ಓದಿ ತೀರ್ಮಾನ ಮಾಡುವುದಿಲ್ಲ ಅಲ್ವಾ, ಬೀದಿಯಲ್ಲಿ ಕೇಳುತ್ತೀರಿ.

'ಯಾವುದನ್ನೂ ನಂಬಲ್ಲ' ಅಂತ ನೀವೀಗ ಮುಟ್ಟಿರುವ ಜಾಗದ ಬಗ್ಗೆ ನನಗೆ ಸ್ವಲ್ಪ ಆತಂಕ ಇದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವನು ಯೋಚನೆ ಮಾಡುವುದಿಲ್ಲ, ಸರಿ. ಹಸು ಈಯಿತು ಅಂದರೂ 'ಎಲ್ಲಾ ಸುಳ್ಳು' ಅನ್ನುವವನೂ ಯೋಚನೆ ಮಾಡುತ್ತಿಲ್ಲ. ಇಬ್ಬರೂ ಕೊಟ್ಟಿಗೆಗೆ ಹೋಗಿ ನೋಡಲಿಲ್ಲ. ಸುಳ್ಳು ಹಬ್ಬಿಸುವವರಿಗೆ ಈ ಎರಡನೆಯವನೂ ಬೇಕಾದವನೇ. ಅವನು ಅವರ ಸುಳ್ಳನ್ನು ನಂಬಬೇಕಾಗಿಲ್ಲ, ಬೇರೆಯವರ ನಿಜವನ್ನು ನಂಬದಿದ್ದರೆ ಸಾಕು.

ನಿಮ್ಮ ಉತ್ತರದ ಒಂದು ಪ್ಯಾರಾವನ್ನು ನಾನು ತಿರುಗಿಸಿ ಬರೆದು ನೋಡಿದೆ. ನೀವು ಬರೆದದ್ದು: 'ಮೊದಲನೇ ಪತ್ರಿಕೆಯ ಮಾಲೀಕರು ಆಡಳಿತ ಪಕ್ಷಕ್ಕೆ ಹತ್ತಿರದವರು. ಆದ್ದರಿಂದ ಈ ವರದಿ ಪಕ್ಷಪಾತದಿಂದ ಕೂಡಿದ್ದು ನಂಬಲರ್ಹವಲ್ಲ.'

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: 'ಈ ವರದಿಯಲ್ಲಿ 14 ವಾಕ್ಯಗಳಿವೆ. 7 ವಾಕ್ಯ ಪ್ರಯಾಣಿಕರ ತೊಂದರೆಗೆ, 4 ಸಚಿವರ ಮಾತಿಗೆ, 3 ನೌಕರರಿಗೆ. ಪ್ರಯಾಣಿಕರಿಗೆ ತೊಂದರೆಯಾಯಿತು ಎಂಬುದನ್ನು ಮೂರೂ ವರದಿಗಳು ಹೇಳುತ್ತವೆ, ಅದನ್ನು ಒಪ್ಪಬಹುದು. ಮುಷ್ಕರ ಕಾನೂನಿಗೆ ವಿರುದ್ಧ ಎಂದು ಸಚಿವರು ಹೇಳಿದ್ದಾರೆ, ಯಾವ ಕಾನೂನು ಎಂದು ವರದಿ ಕೇಳಿಲ್ಲ. ಜನರಿಗೆ ತೊಂದರೆಯಾಗಿದೆ, ಆದ್ದರಿಂದ ಬೇಡಿಕೆ ನ್ಯಾಯವಲ್ಲ ಎಂಬ ತೀರ್ಮಾನದ ಕಡೆಗೆ ವರದಿ ಓದುಗರನ್ನು ಕರೆದೊಯ್ಯುತ್ತದೆ. ಆದರೆ ತೊಂದರೆಯಾಯಿತು ಎಂಬುದರಿಂದ ಬೇಡಿಕೆ ಸರಿಯೋ ತಪ್ಪೋ ಎಂದು ತಿಳಿಯುವುದಿಲ್ಲ. ಅದಕ್ಕೆ ಸಂಬಳದ ಲೆಕ್ಕ ಬೇಕು, ಅದು ಇಲ್ಲಿಲ್ಲ. ಮಾಲೀಕರ ರಾಜಕೀಯ ನಂಟು ಈ ಆಯ್ಕೆಗೆ ಕಾರಣವಾಗಿರಬಹುದು. ವರದಿಯೊಂದರಿಂದಲೇ ಅದನ್ನು ಹೇಳಲಾಗದು.'

ಮಾಲೀಕರು ಇಲ್ಲೂ ಬಂದರು ನೋಡಿ, ಆದರೆ ಕೊನೆಯಲ್ಲಿ ಬಂದರು, 'ಇರಬಹುದು' ಅಂತ ಬಂದರು. ವರದಿಯಲ್ಲಿ ನಂಬಬಹುದಾದ ಒಂದು ಭಾಗ ಇದೆ, ನಂಬಲಾಗದ ಒಂದು ಭಾಗ ಇದೆ, ಬಿಟ್ಟುಹೋದ ಒಂದು ಭಾಗ ಇದೆ. ಇಡೀ ವರದಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕುವ ಕೆಲಸವೇ ಬೀಳಲಿಲ್ಲ. ಉಳಿದ ಎರಡು ವರದಿಗೂ ಇದನ್ನೇ ಮಾಡಿ, ಮುಖ್ಯವಾಗಿ ನಿಮಗೆ ಇಷ್ಟವಾದ ಎರಡನೆಯದಕ್ಕೆ. ಅದರಲ್ಲಿ ಪ್ರಯಾಣಿಕರಿಗೆ ಸಿಕ್ಕಿರುವುದು ಅರ್ಧ ವಾಕ್ಯ. ಆ ದಿನ ಆಸ್ಪತ್ರೆಗೆ ಹೋಗಬೇಕಾಗಿದ್ದವರು ಯಾರೂ ಇರಲಿಲ್ಲವೇ?

ಇನ್ನು ಚಿಕ್ಕಪ್ಪ. ಅವರು ಕಳಿಸಿದ ಸುದ್ದಿಗೆ ನೀವು 'ಆ ಚಾನೆಲ್ ಮಾರಿಕೊಂಡಿದೆ' ಅಂತ ಉತ್ತರ ಕೊಟ್ಟಿರುತ್ತೀರಿ. ಅವರು 'ನೀನು ಓದೋ ಪೇಪರ್ ಏನು ಸಾಚಾನಾ' ಅಂದಿರುತ್ತಾರೆ. ಊಹೆ ಸರಿ ಅಲ್ವಾ? ಇದೇ ಅಂಚಿನ ಟಿಪ್ಪಣಿಯ ಜಗಳ, ಮನೆಗೆ ಬಂದಿದೆ ಅಷ್ಟೇ. ಗುಂಪಿನಲ್ಲಿ ಹತ್ತು ಜನರ ಮುಂದೆ ವಾದ ಮಾಡಬೇಡಿ. ಅಲ್ಲಿ ಯಾರೂ ಹಿಂದೆ ಸರಿಯುವುದಿಲ್ಲ, ದೊಡ್ಡವರಂತೂ ಸರಿಯುವುದೇ ಇಲ್ಲ. ಸಿಕ್ಕಾಗ ಕೂತು, 'ಚಿಕ್ಕಪ್ಪ, ಇದರಲ್ಲಿ ಈ ಭಾಗ ಸರಿ ಇದೆ, ನಾನೂ ನೋಡಿದೆ. ಈ ಅಂಕಿ ಎಲ್ಲಿಂದ ಬಂತು ಅಂತ ನಿಮಗೇನಾದರೂ ಗೊತ್ತಾ?' ಅಂತ ಕೇಳಿ. ನಿಜವಾಗಿ ತಿಳಿಯುವ ಆಸೆಯಿಂದ ಕೇಳಿ, ಸಿಕ್ಕಿಹಾಕಿಸಲು ಅಲ್ಲ. ಅವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಜೊತೆಗೆ ಒಂದು ಕೆಲಸ ಮಾಡಿ. ನೀವು ನಂಬಿದ್ದ ಸುದ್ದಿಯೊಂದು ಸುಳ್ಳು ಅಂತ ತಿಳಿದಾಗ, ಅದನ್ನು ನೀವೇ ಅವರಿಗೆ ಕಳಿಸಿ, 'ಇದರಲ್ಲಿ ನಾನು ಮೋಸ ಹೋದೆ' ಅಂತ ಬರೆದು. ಎರಡು ದಿನ ಉತ್ತರ ಬರದಿದ್ದರೆ ಬೇಜಾರಾಗಬೇಡಿ. ಓದಿರುತ್ತಾರೆ.